‘ಆಲ್ಟರ್ನೇಟ್’ ಅಂದರೆ ದಿನ ಬಿಟ್ಟು ದಿನವೋ, ಬದಲಿಯೋ?

ಪ್ರಶ್ನೆ: “ಸರ್, ನಮಸ್ಕಾರ. ನಮ್ಮದು ಹಾವೇರಿ ಜಿಲ್ಲೆ. ಧಾರವಾಡದ ಸಪ್ತಾಪುರದಾಗ ರೂಮ್ ಮಾಡಿಕೊಂಡು ಎಫ್‌ಡಿಎ ಪರೀಕ್ಷೆಗೆ ಓದಾಕತ್ತೇನಿ. ‘ಆಲ್ಟರ್ನೇಟ್’ ಅನ್ನೋ ಒಂದ ಶಬ್ದ ಮೂರು ಕಡೆ ತೊಡಕು ಮಾಡೈತಿ. ಅವ್ವಗ ಥೈರಾಯ್ಡ್ ಐತಿ. ಈ ಸಲ ಡಾಕ್ಟರು ಚೀಟಿಯೊಳಗ ‘ಥೈರಾಕ್ಸಿನ್ 50/75, ಆಲ್ಟರ್ನೇಟ್ ಡೇಸ್’ ಅಂತ ಬರದಾರ, ಔಷಧ ಅಂಗಡಿಯವರು ಎರಡೂ ಡಬ್ಬಿ ಕೊಟ್ಟಾರ. ದಿನ ಬಿಟ್ಟು ದಿನ 50 ಕೊಡಬೇಕು, ಅದು ತೀರಿದರ ಅದರ ಬದಲಿಗೆ 75 ಅಂತ ಅಕ್ಕ ಹೇಳತಾಳ. ಸೋಮವಾರ, ಬುಧವಾರ, ಶುಕ್ರವಾರ ಕೊಡಾಕತ್ತಾಳ. ನನಗ ಅದು ಸರಿ ಅನಸವಲ್ದು. ಎರಡನೇದು, ಮಾಕ್ ಟೆಸ್ಟ್‌ನಾಗ ‘ವಿ ಮಸ್ಟ್ ಮೇಕ್ ಡ್ಯಾಶ್ ಅರೇಂಜ್‌ಮೆಂಟ್ಸ್’ ಅಂತ ಬಂದಿತ್ತು. ನಾನು ‘ಆಲ್ಟರ್ನೇಟ್’ ಹಾಕಿದೆ, ಕೀ ಆನ್ಸರ್ ‘ಆಲ್ಟರ್ನೇಟಿವ್’. ಮೊಬೈಲ್ ಡಿಕ್ಷನರಿ ನೋಡಿದರ ಎರಡೂ ಒಂದೇ ಅಂತೈತಿ. ಮೂರನೇದು, ‘ವಾಟರ್ ಈಸ್ ಸಪ್ಲೈಡ್ ಎವ್ರಿ ಅದರ್ ಡೇ’ ಅನ್ನೋದನ್ನ ‘ಉಳಿದ ಎಲ್ಲಾ ದಿನ ನೀರು ಬಿಡತಾರ’ ಅಂತ ಅನುವಾದ ಮಾಡಿದೆ, ತಪ್ಪಾತು. ಈ ಶಬ್ದ ಎಲ್ಲೆಲ್ಲಿ ಏನೇನು ಅಂತ ಬಿಡಿಸಿ ಹೇಳ್ರಿ.”

ಉತ್ತರ: ಮೊದಲು ಅವ್ವನ ಗುಳಿಗೆ. ಪರೀಕ್ಷೆಯ ಮಾತು ಆಮೇಲೆ.

‘50/75, ಆಲ್ಟರ್ನೇಟ್ ಡೇಸ್’ ಎಂಬುದನ್ನು ಇಂಗ್ಲಿಷ್ ಬಲ್ಲವರು ಓದಿಕೊಳ್ಳುವುದು ಹೀಗೆ: ಇವತ್ತು 50, ನಾಳೆ 75, ನಾಡಿದ್ದು ಮತ್ತೆ 50. ಗುಳಿಗೆ ಇಲ್ಲದ ದಿನ ಇದರಲ್ಲಿ ಒಂದೂ ಇಲ್ಲ. ಎರಡು ಡಬ್ಬಿ ಕೊಟ್ಟಿರುವುದೂ ಇದೇ ಕಾರಣಕ್ಕೆ ಇರಬೇಕು. ಅಕ್ಕ ಎಡವಿದ್ದು ಎರಡು ಕಡೆ. ನಡುವಿನ ಓರೆಗೆರೆಯನ್ನು ಅವರು ‘ಅಥವಾ’ ಎಂದು ಓದಿದ್ದಾರೆ, ‘ಆಲ್ಟರ್ನೇಟ್ ಡೇಸ್’ ಅನ್ನು ‘ಒಂದು ದಿನ ತಗೋ, ಒಂದು ದಿನ ಬಿಡು’ ಎಂದು ಓದಿದ್ದಾರೆ. ಎರಡನೆಯದು ಪೂರ್ತಿ ಅವರ ತಪ್ಪಲ್ಲ. ಚೀಟಿಯಲ್ಲಿ ಒಂದೇ ಔಷಧದ ಮುಂದೆ ‘ಆಲ್ಟರ್ನೇಟ್ ಡೇಸ್’ ಎಂದಿದ್ದರೆ ಅದರ ಅರ್ಥ ಅಕ್ಕ ಹೇಳಿದ್ದೇ. ಒಂದೇ ಔಷಧವಿದ್ದರೆ ಅದರ ಜೊತೆ ಪಾಳಿ ಹಂಚಿಕೊಳ್ಳುವುದು ಖಾಲಿ ದಿನ. ಎರಡಿದ್ದರೆ ಒಂದರ ಜೊತೆ ಪಾಳಿ ಹಂಚಿಕೊಳ್ಳುವುದು ಇನ್ನೊಂದು ಔಷಧ. ಅದೇ ಎರಡು ಶಬ್ದ, ಎರಡು ಅರ್ಥ. ಮನೆಗಳಲ್ಲಿ ಗೊಂದಲ ಹುಟ್ಟುವುದು ಇಲ್ಲಿಯೇ.

ಲೆಕ್ಕ ಹಾಕಿದರೆ ವ್ಯತ್ಯಾಸ ಎಷ್ಟು ದೊಡ್ಡದು ಎಂದು ಕಾಣುತ್ತದೆ. ದಿನಾ ಒಂದೊಂದರಂತೆ ಅದಲುಬದಲು ಕೊಟ್ಟರೆ ಒಂದು ವಾರಕ್ಕೆ ನಾಲ್ಕು 50 ಮತ್ತು ಮೂರು 75, ಒಟ್ಟು 425 ಮೈಕ್ರೋಗ್ರಾಂ. ಮರುವಾರ ಮೂರು 50 ಮತ್ತು ನಾಲ್ಕು 75, ಒಟ್ಟು 450. ಸರಾಸರಿ ದಿನಕ್ಕೆ 62.5. ಅಕ್ಕನ ಲೆಕ್ಕದಲ್ಲಿ ವಾರಕ್ಕೆ ಸಿಗುವುದು ಮೂರು 50, ಅಂದರೆ ಬರೀ 150. ಮೂರರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು, ಅಷ್ಟೇ.

ನಾನು ಹೇಳುತ್ತಿರುವುದು ಭಾಷೆಯ ಅರ್ಥ, ವೈದ್ಯಕೀಯ ಸಲಹೆಯಲ್ಲ. ಇಂದೇ ಡಾಕ್ಟರಿಗೆ ಫೋನ್ ಮಾಡಿ, ಅವರು ಸಿಗದಿದ್ದರೆ ಔಷಧ ಅಂಗಡಿಯ ಫಾರ್ಮಸಿಸ್ಟ್ ಹತ್ತಿರ ಚೀಟಿ ಹಿಡಿದು ಕೇಳಿ. ಇಷ್ಟು ದಿನ ಕಡಿಮೆ ಹೋಗಿದೆ ಎಂಬುದನ್ನೂ ತಿಳಿಸಿ, ಅದನ್ನು ತುಂಬಿಸಲು ನೀವೇ ಹೆಚ್ಚು ಗುಳಿಗೆ ಕೊಡಬೇಡಿ. ಕೇಳುವಾಗ ‘ಆಲ್ಟರ್ನೇಟ್ ಅಂದರೆ ಏನ್ರಿ?’ ಎಂದು ಕೇಳಬೇಡಿ, ‘ದಿನ ಬಿಟ್ಟು ದಿನ’ ಎಂಬ ಉತ್ತರ ಬಂದು ಗೊಂದಲ ಅಲ್ಲೇ ಉಳಿಯಬಹುದು. ‘ಇವತ್ತು ಯಾವುದು, ನಾಳೆ ಯಾವುದು, ಗುಳಿಗೆ ಇಲ್ಲದ ದಿನ ಐತೇನು?’ ಎಂದು ಕೇಳಿ. ಈ ಮೂರಕ್ಕೆ ಉತ್ತರ ಸಿಕ್ಕರೆ ಅನುಮಾನಕ್ಕೆ ಜಾಗ ಉಳಿಯುವುದಿಲ್ಲ.

ಇನ್ನು ಸೋಮ, ಬುಧ, ಶುಕ್ರದ ವಿಷಯ. ಇದು ಬಹಳ ಮನೆಗಳಲ್ಲಿರುವ ರೂಢಿ, ಆದರೆ ದಿನ ಬಿಟ್ಟು ದಿನದ ಲೆಕ್ಕಕ್ಕೆ ಕೂಡುವುದಿಲ್ಲ. ಶುಕ್ರವಾರವಾದ ಮೇಲೆ ಶನಿವಾರ, ಭಾನುವಾರ ಎರಡೂ ಖಾಲಿ ಹೋಗುತ್ತವೆ. ವಾರಕ್ಕೆ ಏಳು ದಿನ, ಏಳು ಬೆಸ ಸಂಖ್ಯೆ, ಹಾಗಾಗಿ ನಿಜವಾದ ಆಲ್ಟರ್ನೇಟ್ ಡೇಸ್ ವಾರದಿಂದ ವಾರಕ್ಕೆ ಜಾರುತ್ತಲೇ ಇರಬೇಕು: ಈ ವಾರ ಸೋಮ, ಬುಧ, ಶುಕ್ರ, ಭಾನು, ಮುಂದಿನ ವಾರ ಮಂಗಳ, ಗುರು, ಶನಿ. ಡಾಕ್ಟರಿಗೆ ಸೋಮ, ಬುಧ, ಶುಕ್ರವೇ ಬೇಕಿದ್ದರೆ ಅವರು ‘ವಾರಕ್ಕೆ ಮೂರು ಸಲ’ ಎಂದೋ, ವಾರದ ಹೆಸರು ಹಿಡಿದೋ ಬರೆಯುತ್ತಾರೆ.

ಕೆಲವರು ಬೆಸ ತಾರೀಖಿಗೆ ಒಂದು, ಸಮ ತಾರೀಖಿಗೆ ಒಂದು ಎಂದು ಇಟ್ಟುಕೊಳ್ಳುತ್ತಾರೆ. ನೆನಪಿಗೆ ಸುಲಭ, ಆದರೆ 31ರ ಮರುದಿನ 1 ಬರುತ್ತದೆ, ಎರಡೂ ಬೆಸ. ವರ್ಷದಲ್ಲಿ 31 ದಿನದ ತಿಂಗಳು ಏಳು, ಅಧಿಕ ವರ್ಷದಲ್ಲಿ ಫೆಬ್ರುವರಿ 29 ಬೇರೆ. ರಸ್ತೆಯ ಒಂದು ಮಗ್ಗುಲಿಗೆ ಸಮ ದಿನ, ಇನ್ನೊಂದು ಮಗ್ಗುಲಿಗೆ ಬೆಸ ದಿನ ಎಂಬ ಪಾರ್ಕಿಂಗ್ ಬೋರ್ಡಿಗೆ ಇದರಿಂದ ತೊಂದರೆಯಿಲ್ಲ, ಒಂದೇ ಮಗ್ಗುಲಲ್ಲಿ ಎರಡು ದಿನ ಗಾಡಿ ನಿಂತರೆ ಏನೂ ಆಗದು. ಔಷಧದಲ್ಲಿ ಹಾಗೆ ಆದರೆ ನಡೆಯುತ್ತದೆಯೋ ಇಲ್ಲವೋ ಹೇಳಬೇಕಾದವರು ಡಾಕ್ಟರು. ಎಲ್ಲಕ್ಕಿಂತ ಗಟ್ಟಿ ದಾರಿ ಗೋಡೆಯ ಕ್ಯಾಲೆಂಡರ್: ಪ್ರತಿ ತಾರೀಖಿನ ಚೌಕದಲ್ಲೂ ಪೆನ್ನಿನಿಂದ 50, 75, 50, 75 ಎಂದು ಮೊದಲೇ ಬರೆದಿಟ್ಟು, ಕೊಟ್ಟ ಮೇಲೆ ಅಡ್ಡಗೆರೆ ಎಳೆಯಿರಿ. ಹಾಳೆ ತಿರುವುವಾಗ ಹಿಂದಿನ ತಿಂಗಳ ಕೊನೆಯ ಅಂಕೆ ನೋಡಿ ಮುಂದುವರಿಸಿ. ಅಕ್ಕ ಇಲ್ಲದ ದಿನ ಯಾರೇ ಕೊಟ್ಟರೂ ತಪ್ಪದು.

ಈ ಬರಹದಿಂದ ಎಡವಟ್ಟಾಗುವುದು ನಮ್ಮಲ್ಲಿ ಮಾತ್ರ ಅಲ್ಲ. ದಿನ ಬಿಟ್ಟು ದಿನ ಎನ್ನಲು ಇಂಗ್ಲಿಷ್ ವೈದ್ಯರು ‘ಕ್ಯೂಓಡಿ’ ಎಂಬ ಮೂರಕ್ಷರ ಬಳಸುತ್ತಿದ್ದರು. ಗೀಚಿ ಬರೆದಾಗ ಅದು ‘ದಿನಾ ಒಮ್ಮೆ’ ಎನ್ನುವ ‘ಕ್ಯೂಡಿ’ಯಂತೆಯೋ ‘ದಿನಕ್ಕೆ ನಾಲ್ಕು ಸಲ’ ಎನ್ನುವ ‘ಕ್ಯೂಐಡಿ’ಯಂತೆಯೋ ಕಾಣುತ್ತಿತ್ತು. ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ 2004ರಲ್ಲಿ ಇದನ್ನು ಬಳಸಬಾರದ ಸಂಕ್ಷೇಪಗಳ ಪಟ್ಟಿಗೆ ಸೇರಿಸಿ, ‘ಎವ್ರಿ ಅದರ್ ಡೇ’ ಎಂದು ಪೂರ್ತಿ ಬರೆಯಬೇಕೆಂದು ಹೇಳಿತು. ನಿಮ್ಮ ಮೂರನೆಯ ಪ್ರಶ್ನೆಯಲ್ಲಿರುವ ಅದೇ ‘ಎವ್ರಿ ಅದರ್ ಡೇ’. ಅದಕ್ಕೆ ಆಮೇಲೆ ಬರೋಣ.

ಈಗ ಶಬ್ದಕ್ಕೆ. ‘ಆಲ್ಟರ್ನೇಟ್’, ‘ಆಲ್ಟರ್ನೇಟಿವ್’ ಎರಡರ ಮೂಲವೂ ಲ್ಯಾಟಿನ್ನಿನ ‘ಆಲ್ಟರ್’, ಅಂದರೆ ಇಬ್ಬರಲ್ಲಿ ಇನ್ನೊಬ್ಬ, ಎರಡರಲ್ಲಿ ಇನ್ನೊಂದು. ಆ ‘ಇನ್ನೊಂದು’ ಎರಡು ರೀತಿ ಬರಬಹುದು. ಮೊದಲನೆಯದರ ಪಾಳಿ ಮುಗಿದ ಮೇಲೆ ಬರಬಹುದು, ಮತ್ತೆ ಮೊದಲನೆಯದಕ್ಕೆ ಜಾಗ ಬಿಡಬಹುದು. ಇದು ಆಲ್ಟರ್ನೇಟ್. ಇಲ್ಲವೇ ಮೊದಲನೆಯದನ್ನು ಕೈಬಿಟ್ಟು ಅದರ ಜಾಗಕ್ಕೇ ಬರಬಹುದು. ಇದು ಆಲ್ಟರ್ನೇಟಿವ್. ಹಾಗಾಗಿ ಅನುಮಾನ ಬಂದಾಗ ಒಂದೇ ಪ್ರಶ್ನೆ ಹಾಕಿಕೊಳ್ಳಿ: ಎರಡೂ ಉಳಿಯುತ್ತವೆಯೋ, ಒಂದು ಹೋಗಿ ಇನ್ನೊಂದು ಬರುತ್ತದೆಯೋ? ಎರಡೂ ಉಳಿದು ಪಾಳಿಯ ಮೇಲೆ ಬಂದರೆ ಆಲ್ಟರ್ನೇಟ್, ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸಿದರೆ ಆಲ್ಟರ್ನೇಟಿವ್.

ಇದನ್ನು ಕನ್ನಡದವರು ಇಷ್ಟು ಸುಲಭವಾಗಿ ಕಲಸಿಕೊಳ್ಳುವುದಕ್ಕೆ ಬುದ್ಧಿ ಕಡಿಮೆ ಎಂಬುದು ಕಾರಣವಲ್ಲ, ನಮ್ಮ ‘ಪರ್ಯಾಯ’ ಕಾರಣ. ಎಂಟನೇ ಒಂಬತ್ತನೇ ತರಗತಿಯ ಗಣಿತದಲ್ಲಿ ‘ಆಲ್ಟರ್ನೇಟ್ ಆ್ಯಂಗಲ್ಸ್’ ಎಂಬುದಕ್ಕೆ ನಾವು ಓದಿದ್ದು ‘ಪರ್ಯಾಯ ಕೋನಗಳು’. ಸರ್ಕಾರಿ ಸುತ್ತೋಲೆಯ ‘ಆಲ್ಟರ್ನೇಟಿವ್ ಅರೇಂಜ್‌ಮೆಂಟ್’ಗೆ ನಾವು ಬರೆಯುವುದು ‘ಪರ್ಯಾಯ ವ್ಯವಸ್ಥೆ’. ಇಂಗ್ಲಿಷಿನ ಎರಡು ಶಬ್ದಕ್ಕೆ ನಮ್ಮಲ್ಲಿ ಒಂದೇ. ಸಂಸ್ಕೃತದಲ್ಲಿ ‘ಪರ್ಯಾಯ’ಕ್ಕೆ ಸರದಿ, ಪಾಳಿ, ಸುತ್ತು ಎಂಬ ಅರ್ಥಗಳು ಗಟ್ಟಿಯಾಗಿಯೇ ಇವೆ. ಉಡುಪಿಯಲ್ಲಿ ಎಂಟು ಮಠಗಳವರು ಎರಡೆರಡು ವರ್ಷ ಕೃಷ್ಣಪೂಜೆ ನಡೆಸುವ ಪದ್ಧತಿಗೆ ಪರ್ಯಾಯ ಎನ್ನುವುದು ಆ ಅರ್ಥದಲ್ಲಿಯೇ. ಒಬ್ಬರ ಬದಲಿಗೆ ಇನ್ನೊಬ್ಬರು ಬಂದರು ಎಂದು ಅಲ್ಲಿ ಯಾರೂ ತಿಳಿಯುವುದಿಲ್ಲ, ಪಾಳಿ ಬಂತು ಎಂದೇ ತಿಳಿಯುತ್ತಾರೆ. ಕಚೇರಿ ಕನ್ನಡ ಮಾತ್ರ ಅದನ್ನು ಪೂರಾ ‘ಬದಲಿ’ಯ ಕಡೆಗೆ ಎಳೆದುಕೊಂಡಿದೆ. ನೀವು ಓದುವಾಗ ‘ಆಲ್ಟರ್ನೇಟ್’ಗೆ ಪರ್ಯಾಯ ಎಂದು ಬರೆದುಕೊಳ್ಳುವುದನ್ನೇ ಬಿಡಿ. ‘ಪಾಳಿ’ ಎಂದು ಬರೆದುಕೊಳ್ಳಿ, ‘ಆಲ್ಟರ್ನೇಟಿವ್’ಗೆ ‘ಬದಲಿ’. ಅರ್ಧ ಗೊಂದಲ ಅಲ್ಲಿಗೇ ಹೋಗುತ್ತದೆ.

ಉಚ್ಚಾರಣೆಯೂ ಒಂದು ಸುಳಿವು. ಬ್ರಿಟಿಷ್ ಇಂಗ್ಲಿಷಿನಲ್ಲಿ ಇದು ಕ್ರಿಯಾಪದವಾದಾಗ ಒತ್ತು ಮೊದಲ ಉಚ್ಚಾರಾಂಶದ ಮೇಲೆ, ಕೊನೆಗೆ ‘ನೇಟ್’ ಎಂದು ದೀರ್ಘ: ‘ಆಲ್‌-ಟರ್‌-ನೇಟ್’. ವಿಶೇಷಣವಾದಾಗ ಒತ್ತು ನಡುವಿಗೆ ಹೋಗುತ್ತದೆ, ಕೊನೆ ‘ನಟ್’ ಎಂದು ಮೊಟಕಾಗುತ್ತದೆ: ‘ಆಲ್‌-ಟರ್‌-ನಟ್ ಡೇಸ್’. ಅಮೆರಿಕದವರು ವಿಶೇಷಣದಲ್ಲೂ ಒತ್ತನ್ನು ಮೊದಲಿಗೇ ಇಡುತ್ತಾರೆ, ಕೊನೆ ಮಾತ್ರ ಅಲ್ಲೂ ಮೊಟಕು. ನಮ್ಮ ಕಡೆ ಎಲ್ಲಕ್ಕೂ ‘ನೇಟ್’ ಎನ್ನುವುದು ರೂಢಿ, ಅರ್ಥ ಕೆಡುವುದಿಲ್ಲ. ಸಂದರ್ಶನದಲ್ಲಿ ಇದಕ್ಕಾಗಿ ತಲೆ ಕೆಡಿಸಿಕೊಳ್ಳಬೇಡಿ.

ಈಗ ಮಾಕ್ ಟೆಸ್ಟಿನ ಡ್ಯಾಶ್. ಬಸ್ ರದ್ದಾಗಿದೆ, ಹಾಲ್ ಸಿಗಲಿಲ್ಲ, ಬೇರೆ ವ್ಯವಸ್ಥೆ ಮಾಡಬೇಕು ಎಂದರೆ ಮೊದಲನೆಯದು ಹೋಯಿತು, ಬದಲಿ ಬಂತು. ಆದ್ದರಿಂದ ‘ಆಲ್ಟರ್ನೇಟಿವ್ ಅರೇಂಜ್‌ಮೆಂಟ್ಸ್’. ಕೀ ಆನ್ಸರ್ ಸರಿ. ನಿಮ್ಮ ಮೊಬೈಲ್ ಡಿಕ್ಷನರಿಯೂ ಸುಳ್ಳು ಹೇಳಿಲ್ಲ: ಅಮೆರಿಕನ್ ಇಂಗ್ಲಿಷಿನಲ್ಲಿ ‘ಆಲ್ಟರ್ನೇಟ್’ ವಿಶೇಷಣಕ್ಕೆ ‘ಬದಲಿ’ ಎಂಬ ಅರ್ಥವೂ ಇದೆ, ಅಲ್ಲಿ ‘ಆಲ್ಟರ್ನೇಟ್ ರೂಟ್’ ಎಂದರೆ ಬದಲಿ ದಾರಿ. ನಾಮಪದವಾಗಿಯೂ ಬಳಸುತ್ತಾರೆ; ತಂಡದಲ್ಲಿ ಯಾರಿಗಾದರೂ ಪೆಟ್ಟಾದರೆ ಇರಲಿ ಎಂದು ಇಟ್ಟುಕೊಂಡ ಆಟಗಾರ ‘ಆ್ಯನ್ ಆಲ್ಟರ್ನೇಟ್’. ಮೊಬೈಲಿನಲ್ಲಿ ಸಿಗುವ ಕೆಲವು ನಿಘಂಟುಗಳು ಅಮೆರಿಕದವು, ಅದನ್ನು ಬೇರೆ ಗೆರೆ ಎಳೆದು ತೋರಿಸುವುದಿಲ್ಲ. ನಮ್ಮ ಸ್ಪರ್ಧಾತ್ಮಕ ಪರೀಕ್ಷೆಗಳ ಇಂಗ್ಲಿಷ್ ನಿಂತಿರುವುದು ಬ್ರಿಟಿಷ್ ವ್ಯಾಕರಣದ ಮೇಲೆ. ಅಲ್ಲಿ ಈ ಎರಡನ್ನು ಬೇರೆಬೇರೆ ಎಂದೇ ಇಟ್ಟಿದ್ದಾರೆ.

ಅಂದಮೇಲೆ ನಿಮ್ಮ ಮುಂದೆ ಮೂರು ದಾರಿ. ಎಲ್ಲಕ್ಕೂ ‘ಆಲ್ಟರ್ನೇಟ್’ ಹಾಕುವುದು ಒಂದು. ವಾಟ್ಸ್‌ಆ್ಯಪ್‌ನಲ್ಲಿ, ಇಮೇಲ್‌ನಲ್ಲಿ ಎಲ್ಲರಿಗೂ ತಿಳಿಯುತ್ತದೆ, ಆದರೆ ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ. ತಾರೀಖು, ಪಾಳಿಯ ವಿಷಯ ಬಂದಾಗ ಅರ್ಥವೂ ತಪ್ಪಬಹುದು: ‘ಆಲ್ಟರ್ನೇಟ್ ಡೇಟ್ಸ್’ ಎಂದರೆ ಬೇರೆ ತಾರೀಖುಗಳೋ, ದಿನ ಬಿಟ್ಟು ದಿನದ ತಾರೀಖುಗಳೋ? ಎರಡನ್ನೂ ಕಟ್ಟುನಿಟ್ಟಾಗಿ ಬೇರೆ ಇಡುವುದು ಇನ್ನೊಂದು, ಪರೀಕ್ಷೆಗೆ ನಾನು ಹೇಳುವುದು ಇದನ್ನೇ. ಮೂರನೆಯದು, ಅನುಮಾನವಿದ್ದಾಗ ಎರಡನ್ನೂ ಬಿಟ್ಟು ‘ಅದರ್ ಅರೇಂಜ್‌ಮೆಂಟ್ಸ್’ ಎನ್ನುವುದು. ಪತ್ರ ಬರೆಯುವಾಗ ಇದರಷ್ಟು ಸುರಕ್ಷಿತ ಬೇರಿಲ್ಲ. ಡ್ಯಾಶ್ ತುಂಬುವ ಪ್ರಶ್ನೆಯಲ್ಲಿ ಮಾತ್ರ ಈ ಸೌಲಭ್ಯ ಇರದು.

ಕೋಚಿಂಗ್ ನೋಟ್ಸುಗಳಲ್ಲಿ ಓಡಾಡುವ ಇನ್ನೊಂದು ನಿಯಮವಿದೆ: ‘ಆಲ್ಟರ್ನೇಟಿವ್ ಎರಡೇ ಇರಬೇಕು, ಮೂರಿದ್ದರೆ ತಪ್ಪು.’ ಲ್ಯಾಟಿನ್ ಮೂಲ ಹಿಡಿದು ಹಳೆಯ ಪಂಡಿತರು ಹಾಗೆ ವಾದಿಸುತ್ತಿದ್ದರು. ಇಂದಿನ ನಿಘಂಟುಗಳು ‘ತ್ರೀ ಆಲ್ಟರ್ನೇಟಿವ್ಸ್’ ಅನ್ನು ಧಾರಾಳವಾಗಿ ಒಪ್ಪುತ್ತವೆ. ಆ ನಿಯಮ ನಂಬಿ ಸರಿಯಾದ ವಾಕ್ಯಕ್ಕೆ ತಪ್ಪು ಗುರುತು ಹಾಕಬೇಡಿ. ‘ಅದರ್ ಆಲ್ಟರ್ನೇಟಿವ್’ ಎಂಬುದು ಮಾತ್ರ ‘ಬೇರೆ ಬದಲಿ’ ಎಂದಂತೆ ಎರಡು ಸಲ ಹೇಳಿದ್ದು. ‘ನೋ ಆಲ್ಟರ್ನೇಟಿವ್ ಬಟ್ ಟು ವೇಟ್’ ಎಂದರೆ ಸಾಕು.

ಕ್ರಿಯಾವಿಶೇಷಣಗಳಲ್ಲಿಯೂ ಇದೇ ಲೆಕ್ಕ. ‘ಆಲ್ಟರ್ನೇಟ್ಲಿ’ ಎಂದರೆ ಒಂದಾದ ಮೇಲೆ ಒಂದು, ‘ಆಲ್ಟರ್ನೇಟಿವ್ಲಿ’ ಎಂದರೆ ‘ಇಲ್ಲದಿದ್ದರೆ ಹೀಗೂ ಮಾಡಬಹುದು’. ಎರಡನೆಯದು ಸಾಮಾನ್ಯವಾಗಿ ವಾಕ್ಯದ ಮೊದಲಲ್ಲಿ ಬಂದು ತನ್ನ ನಂತರ ಅಲ್ಪವಿರಾಮ ತೆಗೆದುಕೊಳ್ಳುತ್ತದೆ. ತಪ್ಪು ಹುಡುಕುವ ಪ್ರಶ್ನೆಗಳಲ್ಲಿ ಈ ಜೋಡಿಯನ್ನು ಇಡುವುದು ಹೆಚ್ಚು.

ಕೃಷಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಈ ವ್ಯತ್ಯಾಸ ಬರೀ ವ್ಯಾಕರಣವಲ್ಲ, ಪಾಠವೇ ಹೌದು. ಸಸ್ಯರೋಗ ಶಾಸ್ತ್ರದಲ್ಲಿ ‘ಆಲ್ಟರ್ನೇಟ್ ಹೋಸ್ಟ್’ ಬೇರೆ, ‘ಆಲ್ಟರ್ನೇಟಿವ್ ಹೋಸ್ಟ್’ ಬೇರೆ. ಗೋಧಿಯ ಕಾಂಡದ ತುಕ್ಕುರೋಗದ ಶಿಲೀಂಧ್ರ ತನ್ನ ಜೀವನಚಕ್ರದ ಒಂದು ಭಾಗವನ್ನು ಗೋಧಿಯ ಮೇಲೆ, ಇನ್ನೊಂದು ಭಾಗವನ್ನು ಬಾರ್ಬೆರಿ ಎಂಬ ಮುಳ್ಳುಪೊದೆಯ ಮೇಲೆ ಕಳೆಯುತ್ತದೆ. ಚಕ್ರ ಪೂರ್ತಿಯಾಗಲು ಎರಡೂ ಬೇಕು, ಅದು ಪಾಳಿ. ಹಾಗಾಗಿ ಬಾರ್ಬೆರಿ ಆಲ್ಟರ್ನೇಟ್ ಹೋಸ್ಟ್. ಬೆಳೆ ಹೊಲದಲ್ಲಿ ಇಲ್ಲದಾಗ ರೋಗವೋ ಕೀಟವೋ ಬದುವಿನ ಯಾವುದೋ ಕಳೆಯ ಮೇಲೆ ಹೊಟ್ಟೆ ಹೊರೆದುಕೊಂಡರೆ ಅದು ಬದಲಿ, ಆ ಕಳೆ ಆಲ್ಟರ್ನೇಟಿವ್ ಹೋಸ್ಟ್. ಕನ್ನಡ ಕರಪತ್ರದಲ್ಲಿ ಎರಡಕ್ಕೂ ‘ಪರ್ಯಾಯ ಆಸರೆ ಸಸ್ಯ’ ಎಂದು ಬರೆದರೆ ರೈತನಿಗೆ ಕೈಗೆ ಸಿಗಬೇಕಾದ ಮಾಹಿತಿಯೇ ಅಳಿಸಿಹೋಗುತ್ತದೆ. ಮೊದಲನೆಯದನ್ನು ಕಿತ್ತರೆ ಚಕ್ರ ತುಂಡಾಗುತ್ತದೆ, ಎರಡನೆಯದನ್ನು ಕಿತ್ತರೆ ರೋಗ ಇನ್ನೊಂದು ಕಳೆ ಹುಡುಕಿಕೊಳ್ಳಬಹುದು.

ನವಲಗುಂದ, ನರಗುಂದದ ಕಡೆಯವರಿಗೆ ಇನ್ನೊಂದು ಉದಾಹರಣೆ ಹತ್ತಿರದ್ದು. ಹತ್ತಿ, ಗೋವಿನಜೋಳಕ್ಕೆ ‘ಆಲ್ಟರ್ನೇಟ್ ಫರೋ ಇರಿಗೇಷನ್’ ಮಾಡಿ ಎಂಬ ಸಲಹೆಯನ್ನು ನಾವು ‘ಸಾಲು ಬಿಟ್ಟು ಸಾಲು ನೀರು ಹಾಯಿಸಿ’ ಎಂದು ಅನುವಾದಿಸುತ್ತೇವೆ. ಅನುವಾದ ತಪ್ಪಲ್ಲ, ಸಾಲದು. ಈ ಸಲ ಒಂದು, ಮೂರು, ಐದನೇ ಸಾಲಿಗೆ ಬಿಟ್ಟಿರಿ. ಮುಂದಿನ ನೀರಿಗೆ ಏನು ಮಾಡಬೇಕು? ಮತ್ತೆ ಅವೇ ಸಾಲಿಗೆ ಬಿಟ್ಟರೆ ಅದು ‘ಫಿಕ್ಸ್‌ಡ್’, ಪ್ರತಿ ಎರಡನೇ ಸಾಲು ಹಂಗಾಮು ಪೂರ್ತಿ ಒಣಗಿಯೇ ಇರುತ್ತದೆ. ಎರಡು, ನಾಲ್ಕು, ಆರಕ್ಕೆ ಬದಲಾಯಿಸಿದರೆ ಪಾಳಿ ಸಾಲುಗಳ ನಡುವೆಯೂ ಇದೆ, ನೀರಿನ ಸರದಿಗಳ ನಡುವೆಯೂ ಇದೆ; ಗಿಡದ ಎರಡೂ ಮಗ್ಗುಲ ಬೇರಿಗೆ ಒಂದೊಂದು ಸಲ ತೇವ ಸಿಗುತ್ತದೆ. ಇಂಗ್ಲಿಷಿನಲ್ಲಿಯೂ ಬರೀ ‘ಆಲ್ಟರ್ನೇಟ್’ ಎಂದರೆ ಇದರಲ್ಲಿ ಯಾವುದು ಎಂದು ಖಚಿತವಾಗುವುದಿಲ್ಲ, ಅದಕ್ಕೇ ಸಂಶೋಧಕರು ‘ಫಿಕ್ಸ್‌ಡ್’ ಎಂಬುದನ್ನು ಬೇರೆ ಹೆಸರಿಸಿ ಬರೆಯುತ್ತಾರೆ. ಕನ್ನಡದಲ್ಲಿ ಬರೆಯುವವರು ‘ಮುಂದಿನ ಸಲ, ಈ ಸಲ ನೀರು ಹಾಯಿಸದ ಸಾಲಿಗೆ ಹಾಯಿಸಿ’ ಎಂಬ ಒಂದು ವಾಕ್ಯ ಸೇರಿಸಿದರೆ ಮುಗಿಯಿತು.

ಉಳಿದ ಬಳಕೆಗಳನ್ನು ಬೇಗ ಮುಗಿಸುತ್ತೇನೆ, ಎಲ್ಲದರಲ್ಲೂ ಪಾಳಿಯೇ ಇದೆ. ಮನೆಯ ಕರೆಂಟ್ ‘ಆಲ್ಟರ್ನೇಟಿಂಗ್ ಕರೆಂಟ್’, ಸೆಕೆಂಡಿಗೆ 50 ಆವರ್ತನ, ಅಂದರೆ ಸೆಕೆಂಡಿಗೆ 100 ಸಲ ದಿಕ್ಕು ಬದಲಿಸುತ್ತದೆ. ಕಾರು, ಟ್ರ್ಯಾಕ್ಟರಿನ ‘ಆಲ್ಟರ್ನೇಟರ್’ ಹುಟ್ಟಿಸುವುದೂ ಅಂಥದ್ದೇ ಕರೆಂಟು, ಬ್ಯಾಟರಿಗೆ ಹೋಗುವ ಮುಂಚೆ ಡಯೋಡುಗಳು ಅದನ್ನು ಒಂದೇ ದಿಕ್ಕಿಗೆ ತಿರುಗಿಸುತ್ತವೆ. ಸಸ್ಯಶಾಸ್ತ್ರದಲ್ಲಿ ದಾಸವಾಳದ ಎಲೆ ‘ಆಲ್ಟರ್ನೇಟ್’, ಒಂದು ಗೆಣ್ಣಿಗೆ ಒಂದೇ ಎಲೆ, ಒಮ್ಮೆ ಈ ಕಡೆ, ಒಮ್ಮೆ ಆ ಕಡೆ. ಎಕ್ಕೆ ಮತ್ತು ಪೇರಲದ್ದು ಎದುರುಬದುರು. ಧಾರವಾಡದ ಆಪೂಸು ಮಾವು ಒಂದು ವರ್ಷ ಚೆನ್ನಾಗಿ ಹಿಡಿದು ಮರುವರ್ಷ ಕೈಕೊಡುವುದಕ್ಕೆ ‘ಆಲ್ಟರ್ನೇಟ್ ಬೇರಿಂಗ್’ ಎನ್ನುತ್ತಾರೆ. ಇಲ್ಲಿ ಪಾಳಿ ಫಲಕ್ಕೂ ಬರಿದಿಗೂ.

ಈಗ ‘ಎವ್ರಿ ಅದರ್ ಡೇ’. ನೀವು ‘ಅದರ್’ ಎಂದರೆ ‘ಬೇರೆ’, ‘ಎವ್ರಿ’ ಎಂದರೆ ‘ಪ್ರತಿ’ ಎಂದು ಬಿಡಿಬಿಡಿಯಾಗಿ ಅರ್ಥ ಹಚ್ಚಿದ್ದರಿಂದ ‘ಉಳಿದ ಎಲ್ಲಾ ದಿನ’ ಎಂದಾಯಿತು. ತರಗತಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವ ತಪ್ಪು ಇದೇ. ‘ಅದರ್’ ಶಬ್ದಕ್ಕೆ ಹಳೆಯ ಇಂಗ್ಲಿಷಿನಲ್ಲಿ ‘ಎರಡನೆಯ’ ಎಂಬ ಅರ್ಥವಿತ್ತು, ಅದು ಈ ಪದಗುಚ್ಛದಲ್ಲಿ ಉಳಿದುಕೊಂಡಿದೆ. ಆದ್ದರಿಂದ ‘ಎವ್ರಿ ಅದರ್ ಡೇ’ ಎಂದರೆ ‘ಎವ್ರಿ ಸೆಕೆಂಡ್ ಡೇ’, ದಿನ ಬಿಟ್ಟು ದಿನ. ನಿಮ್ಮ ಅನುವಾದದಲ್ಲಿ ‘ಒಂದು ದಿನ ಬಿಟ್ಟು ಒಂದು ದಿನ ನೀರು ಬಿಡುತ್ತಾರೆ’ ಎಂದಾಗಬೇಕಿತ್ತು. ‘ಆಲ್ ದಿ ಅದರ್ ಡೇಸ್’ ಎಂದಿದ್ದರೆ ಮಾತ್ರ ‘ಉಳಿದ ಎಲ್ಲಾ ದಿನ’. ‘ದಿ ಅದರ್ ಡೇ’ ಎಂದರೆ ಮೊನ್ನೆ ಮೊನ್ನೆ, ಕೆಲ ದಿನದ ಹಿಂದೆ. ಮೂರನ್ನೂ ಒಟ್ಟಿಗೆ ಬರೆದಿಟ್ಟುಕೊಳ್ಳಿ.

‘ಎವ್ರಿ ಥರ್ಡ್ ಡೇ’ ಎಂದರೆ ಮೂರನೇ ದಿನಕ್ಕೊಮ್ಮೆ, ನಡುವೆ ಎರಡು ದಿನ ಖಾಲಿ: 1, 4, 7, 10ನೇ ತಾರೀಖು. ಇದನ್ನು ‘ಮೂರು ದಿನ ಬಿಟ್ಟು’ ಎಂದು ಅನುವಾದಿಸಿದರೆ 1, 5, 9 ಆಗಿಬಿಡುತ್ತದೆ. ನಮ್ಮ ‘ಬಿಟ್ಟು’ ಎಣಿಸುವುದು ಖಾಲಿ ದಿನಗಳನ್ನು, ಇಂಗ್ಲಿಷಿನ ‘ಎವ್ರಿ’ ಎಣಿಸುವುದು ಕೆಲಸ ನಡೆಯುವ ದಿನವನ್ನೂ ಸೇರಿಸಿ. ನೀರು ಬಿಡುವ ದಿನದ ನೋಟಿಸ್ ಅನುವಾದಿಸುವ ಪುರಸಭೆ ಗುಮಾಸ್ತರು ಎಡವುವುದು ಈ ಒಂದು ದಿನದ ಅಂತರದಲ್ಲಿಯೇ.

‘ಎವ್ರಿ ಆಲ್ಟರ್ನೇಟ್ ಡೇ’ ಸರಿಯೇ ಎಂದೂ ಬಹಳ ಜನ ಕೇಳುತ್ತಾರೆ. ಭಾರತದ ಇಂಗ್ಲಿಷಿನಲ್ಲಿ ಇದು ಬೇರೂರಿದೆ, ಕೇಳಿದವರಿಗೆ ಅರ್ಥವಾಗುತ್ತದೆ. ಆದರೆ ಪರೀಕ್ಷೆಗೆ ‘ಆನ್ ಆಲ್ಟರ್ನೇಟ್ ಡೇಸ್’ ಅಥವಾ ‘ಎವ್ರಿ ಅದರ್ ಡೇ’ ಬರೆಯುವುದು ಕ್ಷೇಮ. ಮುಂದೆ ‘ಆನ್’ ಇರಲಿ. ‘ದಿನಗಳಲ್ಲಿ’ ಎಂಬ ಕನ್ನಡ ವಿಭಕ್ತಿ ನೋಡಿ ‘ಇನ್ ಆಲ್ಟರ್ನೇಟ್ ಡೇಸ್’ ಬರೆದರೆ ತಪ್ಪು.

ಶನಿವಾರದ ಮಾತೂ ಹೇಳಬೇಕು, ಬ್ಯಾಂಕ್ ಪರೀಕ್ಷೆಗೆ ಓದುವವರೂ ಇದನ್ನು ತಪ್ಪುತ್ತಾರೆ. 2015ರ ಸೆಪ್ಟೆಂಬರ್‌ನಿಂದ ಬ್ಯಾಂಕುಗಳಿಗೆ ತಿಂಗಳ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ. ಜನ ಇದನ್ನು ‘ಆಲ್ಟರ್ನೇಟ್ ಸ್ಯಾಟರ್‌ಡೇಸ್’ ಎನ್ನುತ್ತಾರೆ. ತಿಂಗಳಲ್ಲಿ ಐದು ಶನಿವಾರ ಬಂದರೆ ಐದನೆಯದೂ ಕೆಲಸದ ದಿನ, ಮುಂದಿನ ತಿಂಗಳ ಮೊದಲನೆಯದೂ ಕೆಲಸದ ದಿನ. ಒಂದರ ಹಿಂದೆ ಒಂದು ಎರಡು ಶನಿವಾರ ಬ್ಯಾಂಕ್ ತೆರೆದಿರುತ್ತದೆ. ಪಾಳಿ ಮುರಿಯಿತು. ಹಾಗಾಗಿ ಬರೆಯುವಾಗ ‘ಸೆಕೆಂಡ್ ಆ್ಯಂಡ್ ಫೋರ್ತ್ ಸ್ಯಾಟರ್‌ಡೇಸ್’ ಎಂದೇ ಬರೆಯಿರಿ.

‘ಬೈ-ವೀಕ್ಲಿ’ ಇನ್ನೂ ಜಾರು. ನಿಘಂಟು ತೆಗೆದರೆ ವಾರಕ್ಕೆ ಎರಡು ಸಲ, ಎರಡು ವಾರಕ್ಕೆ ಒಂದು ಸಲ ಎಂಬ ಎರಡೂ ಅರ್ಥ ಸಿಗುತ್ತವೆ. ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ‘ಬೈ-ವೀಕ್ಲಿ ಎಕ್ಸ್‌ಪ್ರೆಸ್’ ಎಂದು ಕಂಡರೆ ನಮ್ಮ ರೈಲ್ವೆಯ ರೂಢಿಯಂತೆ ವಾರಕ್ಕೆ ಎರಡು ದಿನ ಓಡುವ ಗಾಡಿ. ಬೇರೆ ಕಡೆ ಅದೇ ಶಬ್ದ ಹದಿನೈದು ದಿನಕ್ಕೊಮ್ಮೆ ಬರುವ ಪತ್ರಿಕೆಗೂ ಇರಬಹುದು. ಸ್ವಂತ ಬರವಣಿಗೆಯಲ್ಲಿ ‘ಟ್ವೈಸ್ ಎ ವೀಕ್’ ಅಥವಾ ‘ಫೋರ್ಟ್‌ನೈಟ್ಲಿ’ ಎಂದರೆ ತಕರಾರೇ ಇಲ್ಲ.

ಇನ್ನು ಕ್ರಿಯಾಪದ. ‘ಆಲ್ಟರ್ನೇಟ್ ಬಿಟ್ವೀನ್ ಎ ಆ್ಯಂಡ್ ಬಿ’ ಅಥವಾ ‘ಆಲ್ಟರ್ನೇಟ್ ಎ ವಿತ್ ಬಿ’. ‘ಬಿಟ್ವೀನ್’ ಬಂದರೆ ನಡುವೆ ‘ಆ್ಯಂಡ್’ ಬರಲೇಬೇಕು, ‘ಟು’ ಅಲ್ಲ. ಇದು ಮೂಲತಃ ಇಬ್ಬರ ಅಥವಾ ಎರಡರ ಶಬ್ದ. ಮೂವರು ಅಣ್ಣತಮ್ಮಂದಿರು ಪಾಳಿಯ ಮೇಲೆ ಅಂಗಡಿ ನೋಡಿಕೊಳ್ಳುತ್ತಿದ್ದರೆ ‘ಟೇಕ್ ಟರ್ನ್ಸ್’ ಚೆಂದ, ಕಚೇರಿ ಡ್ಯೂಟಿಯಾದರೆ ‘ಬೈ ರೊಟೇಷನ್’. ಬ್ರಿಟಿಷರು ‘ಟೇಕ್ ಇಟ್ ಇನ್ ಟರ್ನ್ಸ್’ ಎಂದೂ ಹೇಳುತ್ತಾರೆ, ಅದೂ ಸರಿ.

‘ಟರ್ನ್’ ಸುತ್ತಲಿನ ಮೂರು ಗುಚ್ಛ ಗಮನಿಸಿ. ‘ಇನ್ ಟರ್ನ್’ಗೆ ಎರಡು ಅರ್ಥ: ಒಬ್ಬರಾದ ಮೇಲೆ ಒಬ್ಬರು, ಇಲ್ಲವೇ ‘ಅದು ಮತ್ತೆ’. ಮಲಪ್ರಭೆಯ ಮುಖ್ಯ ಕಾಲುವೆ ವಿತರಣಾ ಕಾಲುವೆಗೆ ನೀರು ಕೊಡುತ್ತದೆ, ಅದು ಮತ್ತೆ ಹೊಲಗಾಲುವೆಗೆ ಕೊಡುತ್ತದೆ ಎನ್ನುವಲ್ಲಿ ‘ವಿಚ್ ಇನ್ ಟರ್ನ್ ಫೀಡ್ಸ್ ದಿ ಫೀಲ್ಡ್ ಚಾನಲ್’. ಇಲ್ಲಿ ಪಾಳಿಯಿಲ್ಲ, ಸರಪಳಿಯಿದೆ. ‘ಬೈ ಟರ್ನ್ಸ್’ ಒಬ್ಬನದೇ ಮನಸ್ಥಿತಿ ಅದಲುಬದಲಾಗುವುದಕ್ಕೂ ಬರುತ್ತದೆ, ಒಮ್ಮೆ ಸಿಟ್ಟು ಒಮ್ಮೆ ನಗು. ‘ಟರ್ನ್ ಬೈ ಟರ್ನ್’ ನಮ್ಮ ‘ಪಾಳಿ ಪಾಳಿಯಾಗಿ’ ಎಂಬುದರ ನೇರ ಅನುವಾದ. ಈಗ ಇಂಗ್ಲಿಷಿನಲ್ಲಿ ಅದು ಹೆಚ್ಚಾಗಿ ಬಳಕೆಯಲ್ಲಿರುವುದು ಮೊಬೈಲ್ ಮ್ಯಾಪು ಪ್ರತಿ ತಿರುವಿಗೂ ದಾರಿ ಹೇಳುವುದಕ್ಕೆ. ವೈವಾ ನಡೆಸುವ ಮೇಷ್ಟ್ರು ‘ಕಮ್ ಟರ್ನ್ ಬೈ ಟರ್ನ್’ ಎಂದರೆ ಹುಡುಗರಿಗೆ ತಿಳಿಯುತ್ತದೆ, ಪರೀಕ್ಷೆಯಲ್ಲಿ ಮಾತ್ರ ‘ಒನ್ ಬೈ ಒನ್’ ಅಥವಾ ‘ಇನ್ ಟರ್ನ್’ ಬರೆಯಿರಿ.

ಅಕ್ಕನಿಗೆ ಈ ಉತ್ತರದ ಮೊದಲ ಭಾಗವನ್ನು ಓದಿ ಹೇಳಿ. ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಚೀಟಿಯ ಬೆನ್ನಿಗೆ ಕನ್ನಡದಲ್ಲಿಯೇ ಬರೆಸಿಕೊಳ್ಳಲು ಅಕ್ಕನಿಗೇ ಹೇಳಿ: ‘ಮೊದಲ ದಿನ 50, ಎರಡನೇ ದಿನ 75, ಮೂರನೇ ದಿನ 50, ಹೀಗೇ ಮುಂದುವರಿಸಿ. ಯಾವ ದಿನವೂ ಬಿಡಬಾರದು.’ ಡಾಕ್ಟರ ಲೆಕ್ಕ ಬೇರೆಯಿದ್ದರೆ ಅದೇ ಜಾಗದಲ್ಲಿ ಅವರೇ ತಿದ್ದಿ ಕೊಡುತ್ತಾರೆ.